ನಗಾರಿ ಕಲ್ಲು ಸುಮ್ಮನಿದ್ದ ಬೆಳಗು

ಆ ಮಾತನ್ನು ಹುಲಗಮ್ಮ ಕೈ ತೊಳೆಯುತ್ತಾ ಹೇಳಿದ್ದಳು. ಹೇಳಿ, ಸೆರಗಿಗೆ ಕೈ ಒರೆಸಿಕೊಂಡು, ರೊಟ್ಟಿ ಬುಟ್ಟಿ ಹತ್ತಿರ ಎಳೆದುಕೊಂಡು ಊಟಕ್ಕೆ ಕೂತಿದ್ದಳು. ಅಂದಿನಿಂದ ಸೊಸೆ ಕವಿತಾಳಿಗೆ ಊಟ ಸೇರಿದರೆ ನಿದ್ದೆ ಹತ್ತುವುದಿಲ್ಲ, ನಿದ್ದೆ ಹತ್ತಿದರೆ ಕನಸು ಬಿಡುವುದಿಲ್ಲ.

"ನಗಾರಿ ಕಲ್ಲಿನ ಬಾಜೂಕ ಅವ್ವನ ನಾಯಿ ಮಕ್ಕೊಂಡಿತ್ತ ಇವತ್ತ. ಮೈ ತುಂಬ್ಕೊಂಡು ಛಲೋ ಆಗೈತಿ," ಎಂದಿದ್ದಳು ಹುಲಗಮ್ಮ.

ಅವ್ವ ಅಂದರೆ ಹುಲಿಗಿ ಊರಿನ ದೇವಿ ಹುಲಿಗೆಮ್ಮ. ಅವ್ವನ ನಾಯಿ ಅಂದರೆ ಚಿರತೆ. ಆ ಮನೆಯಲ್ಲಿ ಚಿರತೆ ಎಂಬ ಹೆಸರನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ಕರೆದಂತಾಗುತ್ತದೆ ಎಂದು ಹುಲಗಮ್ಮನ ತಾಯಿ ಹೇಳುತ್ತಿದ್ದಳಂತೆ. ಹುಬ್ಬಳ್ಳಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲೇ ಡಿಗ್ರಿ ಮುಗಿಸಿದ ಕವಿತಾಳಿಗೆ ಇದು ತಿಳಿಯಲು ಒಂದು ಕ್ಷಣ ಬೇಕಾಯಿತು. ತಿಳಿದ ಮೇಲೆ ಕೈಯಲ್ಲಿದ್ದ ಸಾರಿನ ಸೌಟು ಪಾತ್ರೆಗೇ ಬಿತ್ತು.

"ಅತ್ತಿ, ಚಿರತಿ ಏನ್ರಿ? ಖರೇನ ನೋಡಿದ್ರೇನ್ರಿ?"

"ಹೆಸರ ಹೇಳಬ್ಯಾಡ ಅಂದೇನಿಲ್ಲೋ?"

"ಫಾರೆಸ್ಟ್‌ನವರಿಗೆ ಫೋನ್ ಮಾಡೋಣ್ರಿ. ರಸ್ತಾದಾಗ ಬೋರ್ಡ್ ಹಾಕ್ಯಾರ, ನಂಬರ್ ಐತಿ ಅದರಾಗ."

"ಯಾಕ? ಅದೇನ ನಿನ್ನ ಅಂಗಳಕ್ಕ ಬಂದೈತೇನ? ದಿನಾ ನಾನ ಅದರ ಅಂಗಳಕ್ಕ ಹೋಗಿ ಬರಾಕತ್ತೇನಿ," ಎಂದು ಹುಲಗಮ್ಮ ರೊಟ್ಟಿ ಮುರಿದಳು. "ಫಾರೆಸ್ಟ್‌ನವರು ಬಂದ್ರ ಏನ್ ಮಾಡ್ತಾರ? ಬೋನು ತಂದಿಡ್ತಾರ. ಗುಡ್ಡಕ್ಕ ಯಾರೂ ಹತ್ತಬ್ಯಾಡ್ರಿ ಅಂತಾರ. ಆಮ್ಯಾಲೆ ನನ್ನ ಆಡು ಎಲ್ಲಿ ಮೇಯಬೇಕು? ನಿನ್ನ ಟೀವಿ ಮುಂದ ಕಟ್ಟಲೇನು?"

ಅಷ್ಟಕ್ಕೇ ಬಿಟ್ಟಿದ್ದರೆ ಕವಿತಾ ಅಂದೇ ಫೋನ್ ಮಾಡಿಬಿಡುತ್ತಿದ್ದಳು. ಆದರೆ ಹುಲಗಮ್ಮ ಊಟ ಅರ್ಧಕ್ಕೆ ಬಿಟ್ಟು ಎದ್ದು, ಜಗಲಿಯ ಗೂಡಿನಿಂದ ಭಂಡಾರದ ಬಟ್ಟಲು ತಂದು, ಸೊಸೆಯ ಬಲಗೈ ಹಿಡಿದು ಆ ಅರಿಷಿಣದೊಳಗೆ ಒತ್ತಿದಳು.

"ಯಾರ ಮುಂದೂ ಹೇಳಂಗಿಲ್ಲ ಅನ್ನು. ಅವ್ವನ ಆಣಿ ಅನ್ನು."

ಕವಿತಾ ಅಂದಳು. ಹುಬ್ಬಳ್ಳಿಯಲ್ಲಿದ್ದಾಗ ಆಣೆ, ಭಂಡಾರ, ದೃಷ್ಟಿ ಯಾವುದಕ್ಕೂ ಸೊಪ್ಪು ಹಾಕದವಳು ಅವಳು. ಹೇಮಾ ಹುಟ್ಟಿದ ಮೇಲೆ ಒಂದನ್ನೂ ಬಿಡದೆ ಎಲ್ಲವನ್ನೂ ನಂಬತೊಡಗಿದ್ದಳು. ದೇವರನ್ನು ನಂಬಿದಷ್ಟೇ ಡಾಕ್ಟರನ್ನು, ಡಾಕ್ಟರನ್ನು ನಂಬಿದಷ್ಟೇ ನಿಂಬೆಹಣ್ಣನ್ನು. ಆಣೆ ಮುರಿದರೆ ಅದು ಎಲ್ಲಿ ಹೋಗಿ ತಟ್ಟುತ್ತದೆ ಎಂಬುದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಮೂಲೆಯಲ್ಲಿ ನಾಲ್ಕು ವರ್ಷದ ಹೇಮಾ ಅಜ್ಜಿಯ ಕೋಲನ್ನು ಕುದುರೆ ಮಾಡಿಕೊಂಡು ಓಡಾಡುತ್ತಿದ್ದಳು.

ಮರುದಿನ ಕವಿತಾ ಬಸ್‌ಸ್ಟಾಪಿಗೆ ಹೋದಾಗ ಬೋರ್ಡಿನ ಮೇಲಿನ ನಂಬರನ್ನು ಮೊಬೈಲಿಗೆ ಹಾಕಿಕೊಂಡಳು. 'ಗ್ಯಾಸ್ ಏಜೆನ್ಸಿ' ಎಂದು ಹೆಸರು ಕೊಟ್ಟಳು. ಅತ್ತೆಗೆ ಓದಲು ಬರುವುದಿಲ್ಲ ಎಂಬುದು ಗೊತ್ತಿದ್ದೂ ಹಾಗೆ ಮಾಡಿದಳು.

ಹಿರೇಬೆಣಕಲ್ಲಿನಲ್ಲಿ ಹುಲಗಮ್ಮನನ್ನು ಅರಿಯದ ಮನೆಯಿಲ್ಲ. ಊರ ಹಿಂದಿನ ಗುಡ್ಡ ನೋಡಲು ಹೊರಗಿನಿಂದ ಬಂದವರು ಯಾರನ್ನಾದರೂ ದಾರಿ ಕೇಳಿದರೆ, "ಆಡಿನ ಹುಲಗವ್ವ ಹತ್ತ್ಯಾಳ, ಆಡಿನ ಹಿಕ್ಕಿ ನೋಡ್ಕೊಂತ ಹೋಗ್ರಿ" ಎನ್ನುತ್ತಾರೆ. ಗುಡ್ಡದ ಮೇಲಿರುವುದು ಮೋರ್ಯರ ಮನೆಗಳು. ಅಗಲವಾದ ಕಲ್ಲಿನ ಚಪ್ಪಡಿಗಳನ್ನು ನಾಲ್ಕೂ ಕಡೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಗೂಡುಗಳು. ಮುಂದಿನ ಕಲ್ಲಿನಲ್ಲಿ ಒಬ್ಬರು ಮೈ ಮುದುಡಿ ನುಸುಳುವಷ್ಟು ಗುಂಡನೆಯ ಕಿಂಡಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಸತ್ತವರಿಗಾಗಿ ಕಟ್ಟಿದ್ದು ಎನ್ನುತ್ತಾರೆ ಬಲ್ಲವರು. ಕೆಲವು ನಿಂತಿವೆ, ಹಲವು ಕವುಚಿ ಬಿದ್ದಿವೆ, ನಡುವೆ ಮುಳ್ಳುಕಂಟಿ. ಪಕ್ಕದಲ್ಲಿ ಒಂದು ಹೊಂಡ. ಎಲ್ಲಕ್ಕಿಂತ ಮೇಲೆ ಬೋರಲು ಹಾಕಿದ ನಗಾರಿಯ ಆಕಾರದ ದೊಡ್ಡ ಬಂಡೆ. ಕಲ್ಲಿನಿಂದ ಹೊಡೆದರೆ ಅದು ಕಲ್ಲಿನಂತೆ ಸದ್ದು ಮಾಡುವುದಿಲ್ಲ. ಅದರ ದನಿ ಊರಿಗೆ ಇಳಿದು ಬರುತ್ತದೆ.

ಹುಲಗಮ್ಮನ ತಾಯಿ ಮಾರೆವ್ವನಿಗೆ ಬಹುಕಾಲ ಮಕ್ಕಳಿರಲಿಲ್ಲ. ಹುಲಿಗಿಗೆ ನಡೆದು ಹೋಗಿ ಹರಕೆ ಹೊತ್ತ ಮೇಲೆ ಹುಟ್ಟಿದ್ದು ಈ ಮಗಳು. ಹೆಸರೂ ಅಲ್ಲಿಂದಲೇ ಬಂತು. ಸಾಲಿಗೆ ಹಾಕಿದ್ದರಂತೆ. ಮೊದಲ ವಾರವೇ ಮನೆಯ ಆಡುಗಳೆಲ್ಲ ಅವಳನ್ನು ಹುಡುಕಿಕೊಂಡು ಸಾಲಿಯೊಳಗೆ ನುಗ್ಗಿ ಮಾಸ್ತರರ ಹಾಜರಿ ಪುಸ್ತಕದ ಮೂಲೆ ತಿಂದವಂತೆ. "ಇವುಗಳ ಸಂಗಾಟ ನೀನೂ ಹೋಗವಾ" ಎಂದು ಮಾಸ್ತರರೇ ಕಳಿಸಿದರು ಎನ್ನುತ್ತಾಳೆ ಹುಲಗಮ್ಮ. ಈ ಕತೆಯಲ್ಲಿ ಎಷ್ಟು ಖರೆ, ಎಷ್ಟು ಸುಳ್ಳು ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ.

ಮದುವೆಯಾದ ಮೇಲೆ ಅವಳು ಊರು ಬಿಡಲಿಲ್ಲ. ಹುಲಿಹೈದರದಿಂದ ಲಕ್ಷ್ಮಣಪ್ಪನೇ ಮನೆಯಳಿಯನಾಗಿ ಬಂದ. ಹೊಲದ ಕೂಲಿಗೆ ಗಟ್ಟಿಗ. ಆದರೆ ಎತ್ತರ ಕಂಡರೆ ತಲೆ ತಿರುಗುವ ಮನುಷ್ಯ. ಗುಡ್ಡದ ಮೊದಲ ಬಂಡೆಯ ಆಚೆ ಅವನು ಕಾಲಿಟ್ಟದ್ದೇ ಇಲ್ಲ. ಹೆಂಡತಿ ಮೇಲೆ ಮುಟ್ಟಿದಳೋ ಇಲ್ಲವೋ ಎಂದು ಅಂಗಳದಲ್ಲೇ ತಿರುಗಾಡುತ್ತಿದ್ದ. ಅವನ ಕಾಟ ತಾಳಲಾರದೆ ಹುಲಗಮ್ಮ ಮೇಲೆ ಮುಟ್ಟಿದೊಡನೆ ನಗಾರಿ ಕಲ್ಲಿಗೆ ಒಂದು ಪೆಟ್ಟು ಹಾಕತೊಡಗಿದಳು. ಹಾಗೆ ಹೊಡೆಯುವುದು ಆ ಮನೆಯಲ್ಲಿ ಅವಳ ತಾಯಿಯ ಕಾಲದಿಂದಲೂ ಇದ್ದ ರೂಢಿ. ಮಗ ಗವಿಸಿದ್ದೇಶ ಎರಡನೇ ಇಯತ್ತೆಯಲ್ಲಿದ್ದಾಗ ಲಕ್ಷ್ಮಣಪ್ಪ ಕಾಮಾಲೆಯಾಗಿ ತೀರಿಕೊಂಡ. ದಿನಕರ್ಮ ಮುಗಿದ ಮರುಬೆಳಗ್ಗೆಯೇ ಗುಡ್ಡದಿಂದ ಸದ್ದು ಕೇಳಿತು. ಕೇಳೋರು ಯಾರದಾರಂತ ಹೊಡದಿ ಎಂದು ಊರವರು ಕೇಳಿದರೆ, "ಕೇಳೋರಿಲ್ಲಂತ ಹೊಡಿಯೋದ ಬಿಡಾಕ ಬರ್ತದೇನು?" ಎಂದಿದ್ದಳು.

ಬಂದವರಿಗೆಲ್ಲ ಅವಳು ಮೋರ್ಯರ ಕತೆ ಹೇಳುತ್ತಾಳೆ. ಒಬ್ಬೊಬ್ಬರಿಗೆ ಒಂದೊಂದು ಕತೆ. ಕೊಪ್ಪಳದ ಕಾಲೇಜು ಹುಡುಗಿಯರಿಗೆ, ಮೋರ್ಯರು ಮೂರು ಗೇಣಿನ ಮಂದಿ, ಬೆಂಕಿ ಮಳೆ ಬೀಳ್ತದಂತ ಗೊತ್ತಾಗಿ ಇದರಾಗ ಹೊಕ್ಕು ಕುಂತ್ರು ಎಂದು. ಯಲಬುರ್ಗಿಯಿಂದ ಬಂದ ಮೇಷ್ಟ್ರಿಗೆ, ಅವರು ನಮ್ಮಂಥವರೇ, ಆಡು ಕಾಯೋರು ಎಂದು. ಯಾವ ರಾಜರ ಕಾಲದ್ದು ಎಂದು ಒಬ್ಬರು ಪಟ್ಟು ಹಿಡಿದಾಗ, "ಯಾವ ರಾಜಾ ಬೇಕ್ರಿ ನಿಮಗ? ಅವನ್ನ ಇಟ್ಕೊಳ್ರಿ" ಎಂದುಬಿಟ್ಟಿದ್ದಳು.

ಆದರೆ ಒಂದು ಕತೆಯನ್ನು ಮಾತ್ರ ಅವಳು ಎಂದೂ ಬದಲಿಸುತ್ತಿರಲಿಲ್ಲ, ಬಂದವರ ಮುಂದೆ ಹೇಳುತ್ತಲೂ ಇರಲಿಲ್ಲ. ಅದು ರಜಾಕಾರರ ಗಲಾಟೆಯ ಕಾಲದ್ದು. ನಿಜಾಮನ ರಾಜ್ಯ ಮುಗಿಯುವ ಹೊತ್ತು. ಊರಿನ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಮೋರ್ಯರ ಮನೆಗಳಲ್ಲಿ ಅಡಗಿದ್ದರಂತೆ. ಆಗ ಮಾರೆವ್ವ ಇನ್ನೂ ಹೊಸ ಸೊಸೆ. ಬೆಳಗಾದರೆ ಅವಳು ತೆವಳಿಕೊಂಡು ಹೋಗಿ ನಗಾರಿಗೆ ಒಂದೇ ಪೆಟ್ಟು ಹಾಕಿ ಬರಬೇಕು. ಎಲ್ಲರೂ ಸುರಕ್ಷಿತ ಎಂದು ಕೆಳಗೆ ಹೊಲದಲ್ಲಿದ್ದ ಗಂಡಸರಿಗೆ ತಿಳಿಯಲಿ ಎಂದು. ಸದ್ದು ಬಾರದ ದಿನ ಯಾರೂ ಮೇಲೆ ಹತ್ತಬಾರದು. ಹತ್ತಿದವನು ಅಪಾಯವನ್ನು ಹಿಂದೆ ಕಟ್ಟಿಕೊಂಡೇ ಬರುತ್ತಾನೆ. ಇದು ಯಾವ ಪುಸ್ತಕದಲ್ಲೂ ಇಲ್ಲ, ಆ ಮನೆಯವರ ಬಾಯಲ್ಲಿ ಮಾತ್ರ ಉಳಿದಿದೆ.

ಕವಿತಾ ಮದುವೆಯಾಗಿ ಬಂದ ವಾರ ಹುಲಗಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದ ಮೊದಲ ಮಾತೂ ಇದೇ. "ಸಪ್ಪಳ ಬಂತಂದ್ರ ನಾ ಆರಾಮ ಅದೇನಿ. ಬರಲಿಲ್ಲಂದ್ರ ನೀ ಮನ್ಯಾಗ ಕುಂದ್ರು. ಗುಡ್ಡ ಹತ್ತಾಕ ಹೋಗಬ್ಯಾಡ."

ಬೇರೆ ಸೊಸೆಯಾಗಿದ್ದರೆ ನಕ್ಕು ಮರೆತುಬಿಡುತ್ತಿದ್ದಳು. ಕವಿತಾ ಮರೆಯುವ ಹೆಂಗಸಲ್ಲ. ಕಾಲುವೆಗೆ ನೀರು ಬಿಟ್ಟರೆ ಹೇಮಾ ಅದರತ್ತ ಓಡಿಯಾಳು, ಭತ್ತದ ಲಾರಿ ಬಂದರೆ ಅದರಡಿ ಸಿಕ್ಕಿಯಾಳು, ಹಾಸಿಗೆ ಬಿಚ್ಚಿದರೆ ಚೇಳು ಇದ್ದೀತು, ಹೀಗೆ ಅವಳ ತಲೆಯೊಳಗೆ ಯಾವಾಗಲೂ ಏನೋ ಒಂದು ಆಗುತ್ತಲೇ ಇರುತ್ತಿತ್ತು. "ನಿನ್ನ ತಲ್ಯಾಗ ಆಕ್ಸಿಡೆಂಟ್ ಆದಷ್ಟು ನಮ್ಮ ಡಿಪೋದಾಗೂ ಆಗಿಲ್ಲ" ಎಂದು ನಗುತ್ತಿದ್ದ ಗಂಡ. ಗವಿಸಿದ್ದೇಶ ಗಂಗಾವತಿ–ಕುಷ್ಟಗಿ ಬಸ್ಸಿನ ಕಂಡಕ್ಟರ್. ಬೆಳಗ್ಗೆ ಹೋದರೆ ರಾತ್ರಿಯೇ ಮನೆ. ದಿನವೂ ಗುಡ್ಡದಿಂದ ಆ ಒಂದು ಸದ್ದು ಇಳಿದು ಬರುವ ತನಕ ಕವಿತಾ ಕುಕ್ಕರ್ ಇಡುತ್ತಿರಲಿಲ್ಲ. ಸೀಟಿಯ ಗದ್ದಲದಲ್ಲಿ ಎಲ್ಲಿ ಕೇಳದೆ ಹೋದೀತೋ ಎಂದು.

ಚಿರತೆಯ ಮಾತು ಗಂಡನಿಗೂ ಹೇಳಲಿಲ್ಲ. 'ಯಾರ ಮುಂದೂ' ಎಂಬ ಆಣೆಯಲ್ಲಿ ಅವನೂ ಸೇರಿದ್ದ.

ಆ ಶುಕ್ರವಾರ ಅವಳಿಗೆ ದವಡೆಹಲ್ಲು ತಾಳಲಾರದಷ್ಟು ನೋಯುತ್ತಿತ್ತು. ಗಂಗಾವತಿಗೆ ಹೋಗಿ ತೋರಿಸಿ ಬರಲೇಬೇಕು. ಹೇಮಾಳನ್ನು ಕರೆದೊಯ್ದರೆ ಆಸ್ಪತ್ರೆಯಲ್ಲಿ ಸೋಂಕು, ಬಿಟ್ಟರೆ ಅತ್ತೆ ಗುಡ್ಡಕ್ಕೆ. ಎರಡನ್ನೂ ತೂಗಿ ತೂಗಿ ಕೊನೆಗೆ ಅತ್ತೆಯ ಮುಂದೆ ನಿಂತಳು.

"ಅತ್ತಿ, ಇವತ್ತೊಂದಿನ ಗುಡ್ಡಕ್ಕ ಹೋಗಬ್ಯಾಡ್ರಿ. ಆಡಿಗೆ ಸೊಪ್ಪು ನಾನ ತಂದು ಹಾಕೇನಿ."

"ಆತು ಹೋಗವಾ. ಹಲ್ಲು ಕಿತ್ತಿಸ್ಕೊಂಡು ಬಾ. ಮಾತರ ಕಡಿಮಿ ಆದೀತು."

ಹೇಮಾ ಅಜ್ಜಿಯ ಮೊಳಕಾಲಿಗೆ ಆತುಕೊಂಡು, "ಮಮ್ಮಿ ಟಾಟಾ" ಎಂದಳು. "ಮಮ್ಮಿ ಅಂತ ಮಮ್ಮಿ! ಅವ್ವ ಅನ್ನಾಕ ಬಾಯಿ ನೋಯ್ತದೇನು?" ಎಂದು ಹುಲಗಮ್ಮ ಮೊಮ್ಮಗಳ ಗಲ್ಲ ಹಿಂಡಿದಳು. ಕವಿತಾ ಬಸ್ಸು ಹತ್ತಿದಳು.

ತಿರುಗಿ ಬಂದಾಗ ಬಾಗಿಲ ಚಿಲಕಕ್ಕೆ ಕಡ್ಡಿ ಸಿಕ್ಕಿಸಿತ್ತು. ಹಟ್ಟಿ ಖಾಲಿ.

ಓಡಿದ್ದು ಇಮಾಮಬಾನುವಿನ ಹತ್ತಿರ. ಗುಡ್ಡದ ದಾರಿಯ ಬುಡದಲ್ಲೇ ಅವಳ ಚಹಾದ ಅಂಗಡಿ. ಹುಲಗಮ್ಮನ ಬಾಲ್ಯದ ಗೆಳತಿ. ಬಾಣಲೆಯಲ್ಲಿ ಮಿರ್ಚಿ ತೇಲಿಸುತ್ತಿದ್ದವಳು ಕವಿತಾಳ ಮುಖ ನೋಡಿ ಜಾಲರಿ ಸೌಟನ್ನು ಎತ್ತಿ ಹಿಡಿದಳು.

"ಯಾ ಅಲ್ಲಾ, ಹಲ್ಲು ಕೀಳೋ ಬದಲಿ ಜೀವ ಕಿತ್ತಾರೇನ ನಿಂದು?"

"ಖಾಲಾ, ಅತ್ತಿ ಎಲ್ಲಿ? ಹೇಮಾ ಎಲ್ಲಿ?"

"ಮ್ಯಾಲೆ ಹೋಗ್ಯಾರ. ಆ ಕರೇ ಆಡು ನಿನ್ನೆ ಹಿಂಡಿನಾಗ ತಿರುಗಿ ಬಂದಿಲ್ಲಂತ, ಗಬ್ಬ ಐತಲ್ಲ ಅದು? ಎಲ್ಲೇರ ಈದು ಕುಂತೈತೇನೋ ಅಂತ ಎಲ್ಲಾ ಆಡು ಹೊಡಕೊಂಡ ನಡದ್ಲು. ಕೂಸಿನ್ನ ಇಲ್ಲೆ ಬಿಡು ಅಂದೆ. ಬಿಡಬೇಕಲ್ಲ ಅದು! ಮರಿ ನೋಡ್ತೇನಿ, ಮರಿ ನೋಡ್ತೇನಿ ಅಂತ ಅಜ್ಜಿ ಸೀರಿ ಜಗ್ಗಿದ್ದ ಜಗ್ಗಿದ್ದು."

"ಯಾವಾಗ ಹೋದ್ರು?"

"ನೀ ಬಸ್ ಹತ್ತೋದ ತಡ."

"ನಗಾರಿ ಸಪ್ಪಳ ಬಂತೇನ್ರಿ?"

ಇಮಾಮಬಾನು ಸೌಟು ಕೆಳಗಿಟ್ಟಳು. ಗುಡ್ಡದ ಕಡೆ ನೋಡಿದಳು. ಅವಳ ಮುಖದ ನಗು ನಿಧಾನಕ್ಕೆ ಇಳಿಯಿತು.

"ಇಲ್ಲ ನೋಡು," ಎಂದಳು. "ಕೇಳಿಲ್ಲ. ಗಾಳಿ ಆ ಕಡಿ ಐತಿ, ಅದಕ್ಕ ಕೇಳಿರಲಿಕ್ಕಿಲ್ಲ ತೊಗೋ."

ಗಾಳಿ ಇರಲೇ ಇಲ್ಲ. ಅಂಗಡಿಯ ಹೊಗೆ ನೆಟ್ಟಗೆ ಮೇಲಕ್ಕೆ ಏರುತ್ತಿತ್ತು.

ಕವಿತಾ ಗಂಡನಿಗೆ ಫೋನ್ ಹಚ್ಚಿದಳು. ಡ್ಯೂಟಿಯ ಮೇಲಿದ್ದಾಗ ಅವನ ಫೋನ್ ಆಫ್. 'ಗ್ಯಾಸ್ ಏಜೆನ್ಸಿ'ಯ ಮೇಲೆ ಹೆಬ್ಬೆರಳು ಇಟ್ಟಳು. ಒಮ್ಮೆ ರಿಂಗಾಗುವ ಮುನ್ನ ತಾನೇ ಕತ್ತರಿಸಿದಳು. ಮಗು ಮೇಲಿದೆ. ಈಗ ಆಣೆ ಮುರಿದು, ಈಗಲೇ ಅದು ತಟ್ಟಿದರೆ? ಕೈಯಲ್ಲಿ ಅರಿಷಿಣದ ಹುಡಿ ಇನ್ನೂ ಅಂಟಿದೆಯೇನೋ ಎಂಬಂತೆ ಅಂಗೈಯನ್ನು ಸೀರೆಗೆ ಉಜ್ಜಿಕೊಂಡಳು. ಸಪ್ಪಳ ಬರದಿದ್ದರೆ ಮನೆಯಲ್ಲೇ ಕೂರಬೇಕು ಎಂಬ ಮಾತು ನೆನಪಿತ್ತು. ಇಮಾಮಬಾನು ಹಿಂದಿನಿಂದ, "ಒಬ್ಬಾಕಿನ ಹೋಗಬ್ಯಾಡ, ನಿಂದರು, ಯಾರನ್ನರ ಕರೀತೇನಿ" ಎಂದು ಕೂಗುತ್ತಿದ್ದುದೂ ಕೇಳುತ್ತಿತ್ತು. ಕಾಲುಗಳು ಆಗಲೇ ಬಂಡೆ ಹತ್ತುತ್ತಿದ್ದವು.

ಆ ದಾರಿ ಹತ್ತಿದ್ದು ಮದುವೆಯಾದ ಹೊಸದರಲ್ಲಿ ಒಮ್ಮೆ ಮಾತ್ರ. ಬಂಡೆಗಳ ನಡುವೆ ಸಂದು, ಸಂದು ಮುಗಿದರೆ ಕಂಟಿ, ಕಂಟಿ ಮುಗಿದರೆ ಮತ್ತೆ ಬಂಡೆ. ಒಂದು ಕಡೆ ಬಾಗಿದ ಬಂಡೆಯ ಹೊಟ್ಟೆಯಲ್ಲಿ ಯಾವ ಕಾಲದವರೋ ಕೆಂಪು ಬಣ್ಣದಲ್ಲಿ ಬರೆದ ಜಿಂಕೆಗಳಿವೆ. ಹೇಮಾ ಅಜ್ಜಿಯ ಜೊತೆ ಬಂದಾಗಲೆಲ್ಲ ಅಲ್ಲಿ ನಿಂತು ಅವುಗಳಿಗೆ ಹುಲ್ಲು ಇಟ್ಟು ಹೋಗುತ್ತಾಳೆ. ಇವತ್ತೂ ಇಟ್ಟಿದ್ದಳು. ಹಸಿ ಹುಲ್ಲಿನ ನಾಲ್ಕೆಳೆ. ಇಲ್ಲಿಯ ತನಕ ಚೆನ್ನಾಗಿಯೇ ಇದ್ದಳು ಎಂದು ಕವಿತಾ ಒಂದು ಉಸಿರು ಬಿಟ್ಟಳು. ಇಲ್ಲಿಯ ತನಕ ಮಾತ್ರ ಎಂಬುದು ಹೊಳೆದು ಮುಂದಿನ ಉಸಿರು ಅರ್ಧಕ್ಕೇ ನಿಂತಿತು.

ಕೂಗಬೇಕು ಅನಿಸಿತು. ಕೂಗಿದರೆ ಯಾರಿಗೆ ಕೇಳೀತು ಎಂದು ಹೆದರಿ ಬಾಯಿಗೆ ಸೆರಗು ತುರುಕಿಕೊಂಡಳು. ಎಲೆ ಅಲುಗಿದರೆ ನಿಂತಳು, ಎಲೆ ಅಲುಗದಿದ್ದರೂ ನಿಂತಳು. ಹಲ್ಲುನೋವು ಎಲ್ಲಿ ಹೋಯಿತೋ.

ಮೇಲಿನ ಬಯಲಿಗೆ ಬಂದಾಗ ಮೊದಲು ಕಂಡದ್ದು ಆಡುಗಳು. ಹೊಂಡದ ದಂಡೆಯಲ್ಲಿ ಒಂದಕ್ಕೊಂದು ಮೈ ಅಂಟಿಸಿಕೊಂಡು ನಿಂತಿದ್ದವು. ಒಂದೂ ಮೇಯುತ್ತಿರಲಿಲ್ಲ, ಒಂದೂ ಒದರುತ್ತಿರಲಿಲ್ಲ. ಎಲ್ಲವೂ ಒಂದೇ ಕಡೆ ನೋಡುತ್ತಿದ್ದವು.

ಅವು ನೋಡುತ್ತಿದ್ದ ಕಡೆ ಕವಿತಾಳೂ ನೋಡಿದಳು.

ಹೊಂಡದಾಚೆ ಕಂಟಿಯ ಮಗ್ಗುಲಲ್ಲಿ ಕರಿಯ ಆಡು ಬಿದ್ದಿತ್ತು. ಹೊಟ್ಟೆಯ ಭಾಗ ಇರಲಿಲ್ಲ. ಅದರ ಆಚೆ ಒಂದು ಮೋರ್ಯರ ಮನೆ. ಆ ಮನೆಯ ಸೂರಿನ ಚಪ್ಪಡಿಯ ಮೇಲೆ, ಬಿಸಿಲಿಗೆ ಮೈಯೊಡ್ಡಿ, ಮುಂಗಾಲು ಚಾಚಿ ಅದು ಮಲಗಿತ್ತು. ಬಾಲ ಚಪ್ಪಡಿಯಿಂದ ಕೆಳಗೆ ಇಳಿಬಿದ್ದು ಮೆಲ್ಲಗೆ ಆಡುತ್ತಿತ್ತು. ಬಾಲದ ತುದಿಯ ಕೆಳಗೇ ಗುಂಡನೆಯ ಕಿಂಡಿ. ಆ ಕಿಂಡಿಯನ್ನು ಒಳಗಿನಿಂದ ಕಂಬಳಿ ತುರುಕಿ ಮುಚ್ಚಿತ್ತು. ಕಂಬಳಿಯ ಒಂದು ಮೂಲೆಯಲ್ಲಿ ಅತ್ತೆಯ ಹಸಿರು ಇಳಕಲ್ ಸೀರೆಯ ಕೆಂಪು ಅಂಚು ಹೊರಗೆ ಬಂದಿತ್ತು.

ಅಂದರೆ ಅವರು ಒಳಗಿದ್ದಾರೆ. ಅದು ಅವರ ಮೇಲೆಯೇ ಮಲಗಿದೆ.

ಕವಿತಾ ಬಂಡೆಯ ಮರೆಗೆ ಸರಿದು ಕೂತಳು. ಕೂತಲ್ಲೇ ಕೈಯೂರಿದಳು. ಹೇಮಾ ಒಂದು ಸಲ ಅತ್ತರೆ? ಕೆಮ್ಮಿದರೆ? ನೀರು ಬೇಕು ಎಂದರೆ? ಅವಳಿಗೆ ಬಾಯಾರಿಕೆ ತಡೆಯುವುದಿಲ್ಲ, ಒಂದು ನಿಮಿಷವೂ ತಡೆಯುವುದಿಲ್ಲ. ಫೋನ್ ತೆಗೆದಳು. ಈಗ ಮಾತಾಡಿದರೆ ತನ್ನ ದನಿ ಅದಕ್ಕೆ ಕೇಳುತ್ತದೆ. ಫೋನ್ ಮತ್ತೆ ಒಳಗೆ ಹೋಯಿತು. ಕೆಳಗೆ ಹೋಗಿ ಜನ ಕರೆತರುವ ತನಕ ಆ ಬಾಲ ಅಲ್ಲೇ ಆಡುತ್ತಾ ಇರುತ್ತದೆ ಎಂದು ಯಾರು ಹೇಳಿಯಾರು?

ಬಲಗಡೆಗೆ ಸ್ವಲ್ಪ ಮೇಲೆ ನಗಾರಿ ಕಲ್ಲಿತ್ತು. ಅದರ ಬುಡದಲ್ಲಿ ಹುಲಗಮ್ಮ ದಿನವೂ ಹಿಡಿಯುವ ಗುಂಡುಕಲ್ಲು. ಅದರ ದನಿಗೆ ಊರೂ ಎದ್ದೀತು, ಮೇಲೆ ಮಲಗಿದ್ದೂ ಬೆದರೀತು. ಅಲ್ಲಿಗೆ ಹೋಗಬೇಕಾದರೆ ಮರೆಯಿಲ್ಲದ ಬೋಳು ಬಂಡೆ ದಾಟಬೇಕು. ಅತ್ತೆ ಯಾಕೆ ಹೊಡೆಯಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

ತಾನು ಹೇಗೆ ದಾಟಿದೆ ಎಂಬುದನ್ನು ಕವಿತಾ ಆಮೇಲೆ ಯಾರಿಗೂ ಸರಿಯಾಗಿ ಹೇಳಲಾರಳು. ಚಪ್ಪಲಿ ಬಿಟ್ಟಿದ್ದು ನೆನಪು. ಬಂಡೆ ಅಂಗಾಲು ಸುಟ್ಟಿದ್ದು ನೆನಪು. ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ನಗಾರಿಯ ಮೈಗೆ ಅಪ್ಪಳಿಸಿದಳು. ಅಷ್ಟು ಹತ್ತಿರದಿಂದ ಆ ದನಿಯನ್ನು ಅವಳು ಕೇಳಿರಲಿಲ್ಲ. ಅದು ಕಿವಿಗೆ ಬರಲಿಲ್ಲ, ಎದೆಗೂಡಿಗೇ ಬಂತು.

ಚಪ್ಪಡಿಯ ಮೇಲೆ ಅದು ತಲೆಯೆತ್ತಿತು. ಅವಳನ್ನು ನೋಡಿತು.

ಸಿಟ್ಟಿಲ್ಲದ, ಅವಸರವಿಲ್ಲದ ನೋಟ. ಅಷ್ಟು ನೆಟ್ಟಗೆ ಅವಳನ್ನು ಯಾರೂ ನೋಡಿದ್ದಿಲ್ಲ. ಕಲ್ಲು ಜಾರಿ ಕಾಲ ಮೇಲೆ ಬೀಳುವುದಿತ್ತು. ಮತ್ತೆ ಎತ್ತಿದಳು, ಹೊಡೆದಳು. ಮತ್ತೆ. ಒಂದೇ ಪೆಟ್ಟು ಎಂಬ ಆ ಮನೆಯ ರೂಢಿಯನ್ನು ಮುರಿದು, ಊರಿಗೆಲ್ಲ ಕೇಳುವ ಹಾಗೆ, ಬೆರಳು ಜಜ್ಜಿ ರಕ್ತ ಬಂದರೂ ಬಿಡದೆ, ಬಾಯಿಂದ ಏನೇನೋ ಚೀರುತ್ತಾ ಹೊಡೆದಳು. ಕಣ್ಣೀರು ಒರೆಸಿಕೊಂಡು ನೋಡಿದಾಗ ಚಪ್ಪಡಿ ಖಾಲಿ ಇತ್ತು. ಅದು ಯಾವ ಕಡೆ ಇಳಿಯಿತು, ಹಿಂದಕ್ಕೋ ಮುಂದಕ್ಕೋ, ಅವಳು ನೋಡಿರಲಿಲ್ಲ. ಅದೇ ಇನ್ನೂ ದೊಡ್ಡ ಹೆದರಿಕೆಯಾಯಿತು.

ಆಡುಗಳು ದಿಕ್ಕಾಪಾಲಾಗಿ ಓಡುತ್ತಾ ಒದರತೊಡಗಿದವು. ಕಂಬಳಿ ಒಳಕ್ಕೆ ಸರಿಯಿತು. ಕಿಂಡಿಯಿಂದ ಮೊದಲು ಹೇಮಾಳ ಎರಡು ಕೈ, ಆಮೇಲೆ ತಲೆ ಹೊರಬಂತು. ಕವಿತಾ ಓಡಿ ಹೋಗಿ ಎಳೆದುಕೊಂಡು ಎದೆಗೆ ಅವುಚಿದಳು. ಕೈ, ಕಾಲು, ಕತ್ತು, ಬೆನ್ನು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು.

"ಮಮ್ಮಿ, ಅಜ್ಜಿ ನನ್ನ ಬಾಯಿ ಒತ್ತಿ ಹಿಡಿದಿದ್ಲು," ಎಂದಳು ಹೇಮಾ ಗೋಳಾಡುವ ದನಿಯಲ್ಲಿ. "ಎಷ್ಟೊತ್ತಾದ್ರೂ ಬಿಡಲಿಲ್ಲ. ನಂಗ ನೀರು ಬೇಕು."

ಹಿಂದೆ ಹುಲಗಮ್ಮ ತೆವಳಿಕೊಂಡು ಬಂದಳು. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡಳು. ಸತ್ತ ಆಡನ್ನು ಒಂದು ಸಲ ನೋಡಿದಳು, ಸೊಸೆಯ ಬೆರಳನ್ನು ಒಂದು ಸಲ ನೋಡಿದಳು.

"ಸಪ್ಪಳ ಇಲ್ಲಂದ್ರ ಹತ್ತಬ್ಯಾಡ ಅಂದಿದ್ನಿಲ್ಲೋ ನಿನಗ?"

"ಅತ್ತಿ, ನಡೀರಿ. ಮೊದಲ ಕೆಳಗ ನಡೀರಿ."

ಆಡುಗಳನ್ನು ಮುಂದೆ ಹೊಡೆದುಕೊಂಡು ಇಳಿದರು. ಕವಿತಾ ಹೆಜ್ಜೆಹೆಜ್ಜೆಗೂ ಹಿಂತಿರುಗಿ ನೋಡುತ್ತಿದ್ದಳು. ಬುಡದಲ್ಲಿ ಇಮಾಮಬಾನು ನಾಲ್ಕಾರು ಮಂದಿಯನ್ನು ಬಡಿಗೆ ಸಮೇತ ಸೇರಿಸಿಕೊಂಡು ನಿಂತಿದ್ದಳು.

"ಏನಾತ ಹುಲಗವ್ವಾ? ನಗಾರಿ ಒಡದು ಹೋಗೂವಂಗ ಹೊಡದ್ರಲ್ಲ, ಯಾರದು?"

"ನಮ್ಮ ಸೊಸಿ," ಎಂದಳು ಹುಲಗಮ್ಮ ನಿಲ್ಲದೆ ನಡೆಯುತ್ತಲೇ. "ಹುಬ್ಬಳ್ಳಿಯಾಕಿ ನೋಡು, ಒಂದ ಪೆಟ್ಟಿಗೆ ಸಮಾಧಾನ ಆಗೂದಿಲ್ಲ. ಕಲಿಯಾಕತ್ಯಾಳ."

ಜನ ನಕ್ಕರು. ಇಮಾಮಬಾನು ನಗಲಿಲ್ಲ. ಕವಿತಾಳ ಜಜ್ಜಿದ ಬೆರಳನ್ನೇ ನೋಡುತ್ತಿದ್ದಳು. ಕವಿತಾ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅತ್ತೆಯ ಹಿಂದೆ ನಡೆದಳು.

ಮನೆಗೆ ಬಂದು ಹೇಮಾಳಿಗೆ ನೀರು ಕುಡಿಸಿ ಮುಖ ತೊಳೆಯುವಾಗ ಕವಿತಾಳಿಗೆ ಕಂಡಿತು. ಮಗುವಿನ ಎರಡೂ ಕೆನ್ನೆಯ ಮೇಲೆ ಹುಲಗಮ್ಮನ ಬೆರಳ ಗುರುತು ಕೆಂಪಗೆ ಮೂಡಿ ನಿಂತಿತ್ತು. ಬೆಳಗ್ಗೆ ಪ್ರೀತಿಯಿಂದ ಹಿಂಡಿದ ಗಲ್ಲವೇ ಅದು.

ಹುಲಗಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಆಡುಗಳನ್ನು ಹಟ್ಟಿಗೆ ಹೊಡೆದಿರಲಿಲ್ಲ, ಅವು ಅಂಗಳದಲ್ಲೇ ಅಡ್ಡಾಡುತ್ತಿದ್ದವು. ಕವಿತಾ ಚಹಾ ತಂದಿಟ್ಟಳು. ಹುಲಗಮ್ಮ ಅದನ್ನು ಪಕ್ಕಕ್ಕೆ ಸರಿಸಿದಳು.

"ಅವ್ವ ನಮ್ಮ ಮ್ಯಾಲೆ ಕುಂತು ಕಾದ್ಲು," ಎಂದಳು ಯಾರಿಗೋ ಹೇಳುವಂತೆ. "ತನ್ನ ನಾಯೀನ ಕಳಿಸಿ ಕಾವಲ ಇಟ್ಲು. ಆಡಿನ ಆಸೇಕ್ಕ ಬೇರೆ ಏನೇನ ಬರ್ತಿದ್ವೋ. ನನ್ನ ಕೂಸಿಗೆ ಒಂದ ಗೀರು ಬೀಳಲಿಲ್ಲ ನೋಡು."

ಕವಿತಾ ಹೇಮಾಳನ್ನು ಎತ್ತಿಕೊಂಡು ಬಂದು ಅತ್ತೆಯ ಎದುರು ನಿಲ್ಲಿಸಿದಳು.

"ಅವ್ವ ಕಾಯಾಕತ್ತಿದ್ರ, ಇಕಿ ಬಾಯಿ ಯಾಕ ಹಿಂಗ ಒತ್ತಿ ಹಿಡಿದ್ರಿ ಅತ್ತಿ?"

ಹುಲಗಮ್ಮ ಮೊಮ್ಮಗಳ ಕೆನ್ನೆ ನೋಡಿದಳು. ಕೈ ಚಾಚಿದಳು. ಆದರೆ ಮುಟ್ಟಲಿಲ್ಲ. ಆ ಕೈಯನ್ನು ಅಲ್ಲೇ ತಿರುಗಿಸಿ ತಾನೇ ನೋಡಿಕೊಂಡಳು.

"ಉಸರಾಡಾಕ ಬರ್ತದೋ ಇಲ್ಲೋ ಅಂತ ಅಂಜಿಕ್ಯಾಗ ಬೆರಳ ಸಡ್ಲ ಮಾಡ್ತಿದ್ದೆ," ಎಂದಳು. "ಮ್ಯಾಲೆ ಉಗುರಿನ ಸಪ್ಪಳ ಆತಂದ್ರ ಮತ್ತ ಒತ್ತತಿದ್ದೆ. ಯಾವುದರಾಗ ಕೂಸು ಹೋಗ್ತದೋ ತಿಳೀಲಾರ್ದಂಗ ಆಗಿತ್ತು ಕವಿತಾ."

ಅತ್ತೆಯ ಬಾಯಲ್ಲಿ ಅಂಜಿಕೆ ಎಂಬ ಮಾತನ್ನು ಕವಿತಾ ಕೇಳಿದ್ದು ಅದೇ ಮೊದಲು. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಇಷ್ಟು ದಿನ ಮನೆಯಲ್ಲಿ ಹೆದರದ ಒಂದು ಜೀವವಾದರೂ ಇದೆ ಎಂಬ ಧೈರ್ಯವಿತ್ತು. ಅದೂ ಹೋಯಿತು.

ನಾಳೆ ಬೆಳಗಾಗುತ್ತದೆ. ಆಡುಗಳು ಮೇವಿಗೆ ಒದರುತ್ತವೆ. ಈ ಹೆಂಗಸು ಕೋಲು ಹಿಡಿದು ಏಳುತ್ತಾಳೆ, ಮಗು ಸೀರೆ ಜಗ್ಗುತ್ತದೆ.

ಕವಿತಾ ಗೂಡಿನಿಂದ ಭಂಡಾರದ ಬಟ್ಟಲು ತೆಗೆದು ಕಟ್ಟೆಯ ಮೇಲೆ, ತಮ್ಮಿಬ್ಬರ ನಡುವೆ ಇಟ್ಟಳು. ಬರುವುದಿದ್ದರೆ ನನ್ನ ಮೇಲೆ ಬರಲಿ, ಮಗುವಿನ ಮೇಲೆ ಬೇಡ ಎಂದು ಮನಸ್ಸಿನಲ್ಲೇ ಹುಲಿಗೆಮ್ಮನಿಗೆ ಹೇಳಿಕೊಂಡಳು. ಎಡತೋಳಿನಲ್ಲಿ ಹೇಮಾಳನ್ನು ಬಿಗಿಯಾಗಿ ಅಪ್ಪಿಕೊಂಡು, ರಕ್ತ ಒಣಗಿದ ಹೆಬ್ಬೆರಳಿನಿಂದ 'ಗ್ಯಾಸ್ ಏಜೆನ್ಸಿ' ಒತ್ತಿದಳು. ಈ ಸಲ ಕತ್ತರಿಸಲಿಲ್ಲ.

"ಹಲೋ, ಫಾರೆಸ್ಟ್ ಆಫೀಸೇನ್ರಿ? ಹಿರೇಬೆಣಕಲ್ಲಿನಿಂದ ಮಾತಾಡಾಕತ್ತೇನ್ರಿ. ಮೋರ್ಯರ ಗುಡ್ಡದ ಮ್ಯಾಲೆ ಚಿರತಿ ಐತ್ರಿ."

"ಯಾರರ 'ಐತಂತ' ಅಂದಿದ್ದ ಕೇಳೀರೋ, ಕಣ್ಣಿಲೆ ನೋಡೀರೋ?" ಎಂದಿತು ಆ ಕಡೆಯ ದನಿ, ಬೇಸತ್ತ ದನಿ.

"ನೋಡೇನ್ರಿ. ಈಗ ನೋಡಿ ಬಂದೇನಿ. ನಮ್ಮ ಅತ್ತಿ, ನನ್ನ ಮಗಳು ಒಳಗಿದ್ರು. ಅದು ಅವರ ಮ್ಯಾಲೆ ಮಲಗಿತ್ತು."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ದನಿ ಬದಲಾಯಿತು. "ನಿಮ್ಮ ಹೆಸರು ಹೇಳ್ರಿ. ಮನಿ ಯಾರದಂತ ಹೇಳ್ರಿ. ಹೆಸರ ಹೇಳಾಕ ಮನಸ್ಸಿಲ್ಲಂದ್ರ ಬಿಡ್ರಿ, ನಡೀತದ."

ಬಿಡಬಹುದಿತ್ತು. ಗುಡ್ಡ ಮುಚ್ಚಿಸಿದವರು ಯಾರು ಎಂದು ಊರಿಗೆ ತಿಳಿಯದೆ ಹೋಗುತ್ತಿತ್ತು. ಕವಿತಾ ಅತ್ತೆಯ ಮುಖ ನೋಡಿದಳು. ಹುಲಗಮ್ಮ ಗುಡ್ಡದ ಕಡೆ ನೋಡುತ್ತಿದ್ದಳು.

"ಬರಕೊಳ್ರಿ. ಕವಿತಾ. ಆಡಿನ ಹುಲಗಮ್ಮನ ಮನಿ ಅಂದ್ರ ಯಾರರ ತೋರಸ್ತಾರ್ರಿ. ನಾನು ಅವರ ಸೊಸಿ."

ಆಗ ಹುಲಗಮ್ಮ ಗುಡ್ಡದಿಂದ ಕಣ್ಣು ತೆಗೆಯದೆಯೇ ಸೊಸೆಯ ಮೊಳಕಾಲು ಅಲುಗಾಡಿಸಿದಳು.

"ಹೊಡೀಬ್ಯಾಡ್ರಿ ಅನ್ನು. ಹಿಡಕೊಂಡ ಹೋಗಿ ದೂರ ಬಿಡ್ರಿ, ಹೊಡೀಬ್ಯಾಡ್ರಿ ಅನ್ನು."

"ಸರ್, ಇನ್ನೊಂದ ಮಾತ್ರಿ," ಎಂದಳು ಕವಿತಾ. "ಅದನ್ನ ಹೊಡೀಬ್ಯಾಡ್ರಿ. ಹಿಡಕೊಂಡ ಹೋಗ್ರಿ. ಇವತ್ತ ಬರ್ರಿ."